‘ಬಸ್’ ಪದದ ಬೇರು ಹಿಡಿಯುವುದು ಹೇಗೆ?

ಮನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಪದದ ಮೂಲ ಹುಡುಕುವುದನ್ನು ‘ಬಸ್’ನಿಂದಲೇ ಶುರು ಮಾಡಿಸುತ್ತೇನೆ. ದಿನಾ ಹತ್ತಿ ಇಳಿಯೋದು ಅದನ್ನೇ ಅಲ್ವಾ?

ಮೊದಲು ದೊಡ್ಡ ನಿಘಂಟು ತೆಗೆಯಿರಿ. ಅರ್ಥ ಓದಿ ಮುಚ್ಚಬೇಡಿ. ಪದದ ಮೂಲ ಹೇಳುವ ಸಾಲು ಹುಡುಕಿ. ‘ಬಸ್’ ಅನ್ನೋದು ‘ಓಮ್ನಿಬಸ್’ನ ತುಂಡು ಅಂತ ಅಲ್ಲಿ ಸಿಗುತ್ತದೆ.

ಈಗ ಆ ಉದ್ದ ಪದವನ್ನು ಬಿಡಿಸಿ. ಲ್ಯಾಟಿನ್‌ನಲ್ಲಿ ‘ಓಮ್ನಿಸ್’ ಅಂದರೆ ಎಲ್ಲ. ‘ಓಮ್ನಿಬಸ್’ ಅಂದರೆ ಎಲ್ಲರಿಗೆ. ಕೊನೆಯ ‘ಬಸ್’ ಬರೀ ವಿಭಕ್ತಿ ಪ್ರತ್ಯಯ, ನಮ್ಮ ‘ಗೆ’ ಇದ್ದ ಹಾಗೆ. ತಲೆ ಹೋಗಿ ಬಾಲ ಮಾತ್ರ ಉಳಿದಿದೆ! ‘ಏಯ್, ಗೆ ಬಂತು, ಬೇಗ ಗೆ ಹತ್ತು’ ಅಂದ ಹಾಗೆ. ಇಲ್ಲಿ ಮಕ್ಕಳು ಐದು ನಿಮಿಷ ನಗುತ್ತಾರೆ, ನಾನೂ ತಡೆಯಲ್ಲ.

ಆಮೇಲೆ ಊರು, ಇಸವಿ ನೋಡಿ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಾಸು ಕೊಟ್ಟು ಯಾರು ಬೇಕಾದರೂ ಹತ್ತಬಹುದಾದ ಕುದುರೆ ಗಾಡಿಗೆ ಈ ಹೆಸರು ಬಿತ್ತು. 1829ರಲ್ಲಿ ಜಾರ್ಜ್ ಶಿಲಿಬೀರ್ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್ ಆಫ್ ಇಂಗ್ಲೆಂಡ್‌ವರೆಗೆ ಮೂರು ಕುದುರೆಗಳ ಓಮ್ನಿಬಸ್ ಓಡಿಸಿದ.

ಬೇರೆ ಅರ್ಥಗಳನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಹಲವು ಪುಸ್ತಕ ಒಂದೇ ರಟ್ಟಿನೊಳಗೆ ಬಂದರೆ ಅದೂ ಓಮ್ನಿಬಸ್. ಕಂಪ್ಯೂಟರಿನೊಳಗೆ ಡೇಟಾ ಓಡಾಡುವ ದಾರಿಯೂ ಬಸ್. ‘ಯುಎಸ್‌ಬಿ’ಯ ಕೊನೆಯ ‘ಬಿ’ ಇದೇ.

ನಿಘಂಟು ನೋಡದೆ ಮಾತ್ರ ಬಾಯಿ ಬಿಡಬೇಡಿ. ಒಮ್ಮೆ ನಾನು ಸುಮ್ನೆ ‘ಬಿಸಿನೆಸ್’ನಿಂದ ಬಸ್ ಬಂತು ಅಂದುಬಿಟ್ಟಿದ್ದೆ. ಮಾರನೇ ದಿನ ಒಬ್ಬ ಹುಡುಗಿ ನಿಘಂಟನ್ನೇ ಹೊತ್ತು ತಂದಳು.