ಮೀನಿನ ತೊಟ್ಟಿಯ ಗಿಡಗಳಿಗೆ ಬಾಟಲಿಯಿಂದ ಗ್ಯಾಸು

ದೀಪ ಉರಿಯುತ್ತಿದೆ, ಗೊಬ್ಬರ ಹಾಕಿದ್ದೂ ಆಯಿತು, ಆದರೂ ತೊಟ್ಟಿಯ ಗಿಡಗಳು ಸೊರಗಿ ಎಲೆಗಳ ಮೇಲೆ ಪಾಚಿ ಕಟ್ಟುತ್ತಿದೆಯೇ? ಸಾಲದೆ ಹೋಗಿರುವುದು ಬಹುಶಃ ಇಂಗಾಲದ ಡೈಆಕ್ಸೈಡ್. ಸಿಲಿಂಡರಿಗೆ ದುಡ್ಡು ಸುರಿಯುವ ಮುಂಚೆ ಸಕ್ಕರೆ, ಯೀಸ್ಟ್ ಮತ್ತು ಎರಡು ಖಾಲಿ ಬಾಟಲಿಗಳಲ್ಲಿ ಒಂದು ಕೈ ನೋಡಿ. ಯೀಸ್ಟ್ ಸಕ್ಕರೆ ತಿಂದು ಇದೇ ಗ್ಯಾಸನ್ನು ಬಿಡುತ್ತದೆ. ಸಣ್ಣ ತೊಟ್ಟಿಗೆ ಇಷ್ಟು ಸಾಕು.

ದೊಡ್ಡ ಬಾಟಲಿ 2 ಲೀಟರಿನದು, ಸೋಡಾ ಅಥವಾ ತಂಪು ಪಾನೀಯದ್ದೇ ಆಗಬೇಕು. ಒತ್ತಡ ತಾಳಲೆಂದೇ ಮಾಡಿದ್ದು ಅದು. ಗಾಜಿನದು ಬೇಡವೇ ಬೇಡ. ಪೈಪು ಕಟ್ಟಿಕೊಂಡರೆ ಸಿಡಿಯುತ್ತದೆ.

ಈ ಕೆಲಸದ ಸೋಲು ಗೆಲುವೆಲ್ಲ ಮುಚ್ಚಳದಲ್ಲಿದೆ. ತೂತು ಏರ್‌ಲೈನ್ ಪೈಪಿಗಿಂತ (ತೊಟ್ಟಿಯ ಏರ್ ಪಂಪಿಗೆ ಹಾಕುವ ತೆಳು ಪೈಪು) ಒಂದಿಷ್ಟು ಕಿರಿದಾಗಿರಲಿ. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಬಿಸಿನೀರಲ್ಲಿ ಅದ್ದಿ, ತೂತಿನೊಳಗೆ ತೂರಿಸಿ ಆ ಬದಿಯಿಂದ ಇಕ್ಕಳದಲ್ಲಿ ಎಳೆಯಿರಿ. ಬಿಗಿಯಾಗಿ ಕೂತರೆ ಅಂಟು ಬೇಕಿಲ್ಲ. ಮೊದಲ ಸಲ ನಾನು ತೂತು ದೊಡ್ಡದು ಮಾಡಿ ಅಂಟು ಮೆತ್ತಿದ್ದೆ. ಎರಡೇ ದಿನಕ್ಕೆ ಗುಳ್ಳೆ ನಿಂತಿತು. ಯೀಸ್ಟ್ ಸತ್ತಿತೆಂದು ಬಯ್ದುಕೊಂಡೆ. ಮುಚ್ಚಳಕ್ಕೆ ಸೋಪಿನ ನೀರು ಸವರಿದಾಗ ಅಂಟಿನ ಅಂಚಿನಿಂದ ನೊರೆ ಬುಸುಬುಸು ಎದ್ದಿತು. ಮುಚ್ಚಳದ ಪ್ಲಾಸ್ಟಿಕ್‌ಗೆ ಅಂಟು ಸರಿಯಾಗಿ ಹಿಡಿಯುವುದೇ ಇಲ್ಲ.

ಚಿಕ್ಕ ಬಾಟಲಿಗೆ ಅರ್ಧ ನೀರು ತುಂಬಿ, ಮುಚ್ಚಳಕ್ಕೆ ಎರಡು ತೂತು ಮಾಡಿ. ದೊಡ್ಡ ಬಾಟಲಿಯಿಂದ ಬರುವ ಪೈಪು ನೀರೊಳಗೆ ಮುಳುಗಿರಲಿ, ತೊಟ್ಟಿಗೆ ಹೋಗುವುದು ನೀರಿನ ಮೇಲೆಯೇ ನಿಲ್ಲಲಿ. ಉಕ್ಕಿ ಬಂದ ನೊರೆ ಇಲ್ಲೇ ತಂಗುತ್ತದೆ, ಗುಳ್ಳೆಯನ್ನೂ ಎಣಿಸಬಹುದು. ಇದಕ್ಕೂ ತೊಟ್ಟಿಗೂ ನಡುವೆ ಚೆಕ್ ವಾಲ್ವ್ ಹಾಕಿ, ಬಾಣದ ಗುರುತು ತೊಟ್ಟಿಯ ಕಡೆಗಿರಲಿ. ಒತ್ತಡ ಇಳಿದಾಗ ತೊಟ್ಟಿಯ ನೀರು ಹಿಂದಕ್ಕೆ ಹರಿದು ನೆಲ ಸೇರದಂತೆ ಕಾಯುವುದು ಅದೇ. ಪೈಪಿನ ಕೊನೆಗೆ, ತೊಟ್ಟಿಯ ನೀರೊಳಗೆ, ಗ್ಯಾಸನ್ನು ಸಣ್ಣ ಸಣ್ಣ ಗುಳ್ಳೆಯಾಗಿ ಒಡೆಯುವ ಡಿಫ್ಯೂಸರ್.

ಇನ್ನು ಮಿಶ್ರಣ. 2 ಕಪ್ ಸಕ್ಕರೆ, ಅರ್ಧ ಚಮಚ ಅಡುಗೆ ಸೋಡಾ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ದೊಡ್ಡ ಬಾಟಲಿಗೆ ಮುಕ್ಕಾಲು ಭಾಗ ತುಂಬಿ. ಕಾಲು ಚಮಚ ಒಣ ಯೀಸ್ಟನ್ನು ಬೇರೆ ಲೋಟದಲ್ಲಿ ನೆನೆಸಿ, ನೊರೆ ಬಂದ ಮೇಲೆ ಸುರಿಯಿರಿ. ಕೈಸುಡುವ ನೀರಾದರೆ ಯೀಸ್ಟ್ ಸಾಯುತ್ತದೆ. ಯೀಸ್ಟ್ ಜಾಸ್ತಿ ಹಾಕುವ ಆಸೆ ಬೇಡ: ನಾಲ್ಕು ದಿನ ಅಬ್ಬರಿಸಿ ತಣ್ಣಗಾಗುತ್ತದೆ. ಈ ಅಳತೆಯಲ್ಲಿ ಎರಡು ಮೂರು ವಾರ ನಡೆಯುತ್ತದೆ. ಗುಳ್ಳೆ ಕಾಣಲು ಒಂದು ದಿನ ಹಿಡಿದರೂ ಗಾಬರಿಯಾಗಬೇಡಿ.

ಯೀಸ್ಟಿಗೆ ಹಗಲು ರಾತ್ರಿ ಗೊತ್ತಿಲ್ಲ, ಗಿಡಕ್ಕೆ ಗೊತ್ತು. ದೀಪ ಆರಿದ ಮೇಲೆ ಗಿಡ ಈ ಗ್ಯಾಸು ಹೀರುವುದಿಲ್ಲ, ತಾನೇ ಬಿಡುತ್ತದೆ. ಹಾಗಂತ ಪೈಪು ಮಡಚಿ ಕಟ್ಟಬೇಡಿ, ಬಾಟಲಿ ಉಬ್ಬುತ್ತದೆ. ರಾತ್ರಿ ಡಿಫ್ಯೂಸರನ್ನು ನೀರಿನಿಂದ ಎತ್ತಿಡಿ, ಇಲ್ಲವೇ ಏರ್ ಪಂಪ್ ಓಡಿಸಿ. ತೊಟ್ಟಿಯಲ್ಲಿ ಡ್ರಾಪ್ ಚೆಕರ್ (ನೀರಿನಲ್ಲಿ ಈ ಗ್ಯಾಸು ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸುವ ಪುಟ್ಟ ಸಾಧನ) ಇದ್ದರೆ ಒಳ್ಳೆಯದು: ಹಸಿರಿದ್ದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ, ನೀಲಿಯಾದರೆ ಕಮ್ಮಿ, ಹಳದಿಯಾದರೆ ಅತಿ. ಬಣ್ಣ ತಿರುಗಲು ಒಂದೆರಡು ಗಂಟೆ ಬೇಕು. ಅಷ್ಟರೊಳಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಬಣ್ಣಕ್ಕೆ ಕಾಯದೆ ಪೈಪು ತೆಗೆದು, ಒಂದಷ್ಟು ನೀರು ಬದಲಿಸಿ.

ಗುಳ್ಳೆ ನಿಧಾನವಾದಾಗ ಹೊಸ ಮಿಶ್ರಣ ಮಾಡಿ. ಬಾಟಲಿ ಬಿಚ್ಚುವ ಮುಂಚೆ ಪೈಪನ್ನು ತೊಟ್ಟಿಯಿಂದ ಹೊರಗೆ ತೆಗೆಯಿರಿ. ಹೆಂಡದ ವಾಸನೆ ಬರುವ ಹಳೆಯದನ್ನು ಬಚ್ಚಲಿಗೆ ಚೆಲ್ಲಿ. ಒಂದು ತೊಟ್ಟೂ ಮೀನಿನ ನೀರಿಗೆ ಬೀಳಕೂಡದು.