ಜ್ವರ ಬಂದದ್ದು ಯಾವ ದಿನ?

"ಜ್ವರ ಯಾವಾಗ ಶುರುವಾಯ್ತಮ್ಮ?"

"ಸಂತೆ ದಿನ ರಾತ್ರಿ ಮೈ ಸುಡ್ತಿತ್ತು ಸಾರ್."

ಒಂಬತ್ತು ವರ್ಷದ ಹುಡುಗ. ಆಗಲೇ ವೆಂಟಿಲೇಟರ್ ಮೇಲಿದ್ದ. ರೆಫರಲ್ ಚೀಟಿಯಲ್ಲಿ "3 ದಿನದಿಂದ ಜ್ವರ" ಅಂತ ಬರೆದಿತ್ತು. ಅವರ ಊರಿನ ಸಂತೆ ಮಂಗಳವಾರ. ನಾವು ಮಾತಾಡುತ್ತಿದ್ದದ್ದು ಸೋಮವಾರ. ಮೂರಲ್ಲ, ಆರು ದಿನ.

ಮಕ್ಕಳ ಐಸಿಯುಗೆ ಬರುವ ತೀವ್ರ ಫ್ಲೂ ಬಗ್ಗೆ ಅಧ್ಯಯನ ಮಾಡಲು ಹೊರಟಾಗ ಇಂಥ ಲೆಕ್ಕವೇ ತಲೆ ತಿನ್ನುತ್ತೆ ಅಂತ ಅಂದುಕೊಂಡಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು 2009ರ ಎಚ್1ಎನ್1 (ಹಂದಿಜ್ವರ) ಹಾವಳಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ. ಅಲ್ಲಿ 35 ಮಕ್ಕಳ ಐಸಿಯುಗಳು ಸೇರಿ 838 ಮಕ್ಕಳ ವಿವರ ಕಲೆಹಾಕಿದ್ದರು. 75 ಮಕ್ಕಳು ಉಳಿಯಲಿಲ್ಲ. ಮೊದಲು ಗಟ್ಟಿಮುಟ್ಟಾಗಿದ್ದ ಮಕ್ಕಳಲ್ಲೂ, ಫ್ಲೂ ಜೊತೆಗೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಸೇರಿಕೊಂಡರೆ ಸಾವಿನ ಅಪಾಯ ಎಂಟು ಪಟ್ಟು ಜಾಸ್ತಿ ಇತ್ತು. ನಾನು ಒಬ್ಬನೇ, ನಮ್ಮದು ಒಂದೇ ಐಸಿಯು. ಹಾಗಾಗಿ ಪ್ರಶ್ನೆಯನ್ನೂ ಚಿಕ್ಕದು ಮಾಡಿಕೊಂಡೆ: ಫ್ಲೂ ವೈರಸ್‌ಗೆ ಕೊಡುವ ಔಷಧಿ ಟ್ಯಾಮಿಫ್ಲೂವಿನ ಮೊದಲ ಡೋಸ್ ಎಷ್ಟನೇ ದಿನ ಸಿಕ್ಕಿತು, ಆಮೇಲೆ ಮಗು ಏನಾಯಿತು?

ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಆ ಔಷಧಿಯ ಉಪಯೋಗ ಹೆಚ್ಚು. ಐಸಿಯು ಮಕ್ಕಳಿಗೆ ತಡವಾದರೂ ಕೊಡುತ್ತೇವೆ. ಆದರೆ ಮೊದಲ ದಿನವೇ ತಪ್ಪಾದರೆ ಈ ಗಂಟೆಗಳ ಲೆಕ್ಕಕ್ಕೆ ಅರ್ಥ ಏನು? ಹಳೇ ಕೇಸ್ ಶೀಟ್ ತೆಗೆದು ನೋಡಿದರೆ, ಚೀಟಿಯಲ್ಲಿದ್ದ ಸಂಖ್ಯೆಯನ್ನೇ ಎಲ್ಲರೂ ಇಳಿಸಿಕೊಂಡಿದ್ದೆವು. ಅದರಲ್ಲಿ ನನ್ನ ಅಕ್ಷರವೂ ಇತ್ತು.

ಹಳೇ ಫೈಲ್ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದೆ. ಒಂದು ಗೋಡೆ ಕ್ಯಾಲೆಂಡರ್ ಹಿಡಿದುಕೊಂಡು ಕೂರುತ್ತಿದ್ದೆ. ಗಣಪತಿ ಬಿಟ್ಟ ದಿನ ಚೆನ್ನಾಗಿದ್ನಾ? ಸ್ಕೂಲಿಗೆ ಕೊನೆಗೆ ಹೋದದ್ದು ಯಾವತ್ತು? ಅಜ್ಜಿಯಂದಿರಿದ್ದರೆ ಕೆಲಸ ಸಲೀಸು. ಮೊಮ್ಮಗ ಯಾವ ಹೊತ್ತಿನ ಊಟ ಬಿಟ್ಟ ಅನ್ನೋದು ಅವರಿಗೆ ನೆನಪಿರುತ್ತೆ.

ಇನ್ನೊಂದು ತೊಡಕು ಸ್ವಾಬ್‌ದು. ಒಂದು ಮಗುವಿನ ಗಂಟಲ ಸ್ವಾಬ್ ನೆಗೆಟಿವ್ ಬಂತು. ಪಟ್ಟಿಯಿಂದ ಕೈಬಿಟ್ಟೆ. ಆಮೇಲೆ ಉಸಿರಿನ ಟ್ಯೂಬಿನಿಂದ ತೆಗೆದ ಕಫದಲ್ಲಿ ವೈರಸ್ ಸಿಕ್ಕಿತು. ಸೋಂಕು ಶ್ವಾಸಕೋಶಕ್ಕೆ ಇಳಿದ ಮೇಲೆ ಗಂಟಲಲ್ಲಿ ಸಿಗದೇ ಇರಬಹುದು, ಇದು ನನಗೆ ಗೊತ್ತಿದ್ದದ್ದೇ. ಅಲ್ಲಿಂದ ಟ್ಯೂಬ್ ಹಾಕಿದ ಪ್ರತಿ ಮಗುವಿಗೂ ಎರಡನೇ ಸ್ಯಾಂಪಲ್ ಕಳಿಸಿದೆ.

ಮೊದಲ ಲೆಕ್ಕ ನೋಡಿ ಹಿಗ್ಗಿದ್ದೆ. ಔಷಧಿ ಸಿಕ್ಕ ಮಕ್ಕಳೇ ಜಾಸ್ತಿ ಬದುಕಿದ್ದರು. ಅಂಕಿಅಂಶ ನೋಡುವ ಗೆಳೆಯ ಒಂದೇ ಮಾತು ಕೇಳಿದ: "ಔಷಧಿ ಕೊಡೋ ಮೊದಲೇ ಹೋದ ಮಗುವನ್ನ ಯಾವ ಕಡೆ ಹಾಕಿದ್ದೀಯ?" ಸಿಗದವರ ಕಡೆ ಹಾಕಿದ್ದೆ. ಔಷಧಿ ಸಿಗಬೇಕಾದರೆ ಅಲ್ಲಿವರೆಗೆ ಬದುಕಿರಬೇಕಲ್ವಾ? ಆ ಪುಣ್ಯವೆಲ್ಲ ಸುಮ್ನೆ ಟ್ಯಾಮಿಫ್ಲೂ ಖಾತೆಗೆ ಹೋಗಿತ್ತು. ಪ್ರತಿ ಮಗುವಿಗೂ ಔಷಧಿ ಸಿಗುವವರೆಗಿನ ದಿನಗಳನ್ನು ಸಿಗದವರ ಕಡೆ, ಆಮೇಲಿನವನ್ನು ಸಿಕ್ಕವರ ಕಡೆ ಹಾಕಿ ಮತ್ತೆ ಲೆಕ್ಕ ಮಾಡಿದೆ. ವ್ಯತ್ಯಾಸ ತುಂಬ ಕುಗ್ಗಿತು.

ಅಧ್ಯಯನಕ್ಕೆ ಬೇಕಾದ ಒಪ್ಪಿಗೆ ಪತ್ರದ ವಿಷಯದಲ್ಲೂ ಎಡವಿದ್ದೆ. ಸಂತೆ ದಿನ ಹೇಳಿದ ಆ ತಾಯಿಯ ಮುಂದೆ ಮೊದಲ ರಾತ್ರಿಯೇ ಕಾಗದ ಇಟ್ಟೆ. ಓದದೆ ಸಹಿ ಮಾಡಿ, "ಮಗು ಉಳೀತದಾ ಸಾರ್?" ಅಂದರು. ವೆಂಟಿಲೇಟರ್‌ಗೆ ಬೇಕಾದ ಸಹಿ ಅಂದುಕೊಂಡಿದ್ದರು. ಆ ಕಾಗದ ಹರಿದುಹಾಕಿದೆ. ಎರಡು ದಿನ ಬಿಟ್ಟು, ಒಪ್ಪದಿದ್ದರೂ ಚಿಕಿತ್ಸೆ ಇದೇ ಅಂತ ಬಿಡಿಸಿ ಹೇಳಿ ಮತ್ತೆ ಕೇಳಿದೆ.

7 ವರ್ಷ ದಾಟಿದ ಮಗುವನ್ನೂ ಕೇಳಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮ ಇದೆ. ಹುಡುಗ ವಾರ್ಡಿಗೆ ಹೋದ ಮೇಲೆ ಕ್ಯಾಲೆಂಡರ್ ತೋರಿಸಿ, ಇದೆಲ್ಲ ಬರ್ಕೊಳ್ಳಲಾ ಅಂದೆ. ತಲೆಯಾಡಿಸಿದ. ಆಮೇಲೆ ಅಮ್ಮನ ಕಡೆ ನೋಡಿ ಮೆಲ್ಲಗೆ ಹೇಳಿದ: "ಸಂತೆ ದಿನ ಅಲ್ಲ ಸಾರ್. ಸೋಮವಾರ ಪಿಟಿ ಪೀರಿಯಡ್‌ನಲ್ಲೇ ಚಳಿಜ್ವರ ಬಂದಿತ್ತು. ಆಡೋಕೆ ಬಿಡಲ್ಲ ಅಂತ ಹೇಳಿರಲಿಲ್ಲ."

ಆರನ್ನು ಹೊಡೆದು ಏಳು ಬರೆದೆ.