ಗೈಡ್‌ಗೆ ಇಮೇಲ್ ಹಾಕುವ ಮೊದಲು ಅವರ ಸೈಟೇಷನ್ ಓದುವುದು ಹೇಗೆ?

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿಯಲ್ಲೋ ಯುಬಿಡಿಟಿಯಲ್ಲೋ ಕಂಪ್ಯೂಟರ್ ಸೈನ್ಸ್ ಓದಿ, ಪಿಎಚ್‌.ಡಿ. ಮಾಡೋಣ ಎಂದುಕೊಂಡವರು ಮೊದಲು ಗೈಡ್ ಹುಡುಕುತ್ತಾರೆ. ಸಂಶೋಧನಾ ಪೇಪರ್ ಹುಡುಕುವ ಗೂಗಲ್ ಸ್ಕಾಲರ್ ತೆರೆದು, ಎಚ್-ಇಂಡೆಕ್ಸ್ (ಸೈಟೇಷನ್, ಅಂದರೆ ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ, ಇದರ ಮೇಲೆ ಹಾಕುವ ಅಂಕ) ನೋಡಿ, ದೊಡ್ಡ ನಂಬರ್ ಇದ್ದವರಿಗೆ ಇಮೇಲ್ ಹಾಕಿಬಿಡುತ್ತಾರೆ. ಆ ನಂಬರ್ ನೋಡಬಾರದು ಅಂತಲ್ಲ. ಆದರೆ ಅದಕ್ಕೂ ಮೊದಲು ಮಾಡುವ ಕೆಲಸ ಇದೆ.

ಹೆಸರು ಗಟ್ಟಿ ಮಾಡಿಕೊಳ್ಳಿ. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಬಸವರಾಜ, ಮಂಜುನಾಥ ಎಂಬ ಹೆಸರಿನವರು ಎಷ್ಟು ಜನ ಇಲ್ಲ ಹೇಳಿ? ಇನಿಷಿಯಲ್ ಒಂದು ಪೇಪರ್‌ನಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಕೊನೆಯ ‘ಎ’ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಹೀಗಾಗಿ ಒಬ್ಬರು ಇಬ್ಬರಾಗುತ್ತಾರೆ, ಇಬ್ಬರು ಒಬ್ಬರಾಗುತ್ತಾರೆ. ಸ್ಕಾಲರ್ ತಾನಾಗಿಯೇ ಪೇಪರ್‌ಗಳನ್ನು ಪ್ರೊಫೈಲ್‌ಗೆ ಸೇರಿಸುವುದರಿಂದ ಬೇರೆಯವರದ್ದೂ ನುಸುಳಬಹುದು. ಸಂಶೋಧಕರಿಗೆ 16 ಅಂಕಿಯ ಆರ್ಕಿಡ್ (ORCID) ಎಂಬ ಗುರುತಿನ ಸಂಖ್ಯೆ ಇದ್ದರೆ ಅದನ್ನು ಹಿಡಿದು ಹೋಗಿ. ಇಲ್ಲದಿದ್ದರೆ ಡಿಬಿಎಲ್‌ಪಿ ನೋಡಿ. 1993ರಲ್ಲಿ ಜರ್ಮನಿಯ ಟ್ರಿಯರ್‌ನಲ್ಲಿ ಶುರುವಾದ, ಕಂಪ್ಯೂಟರ್ ಸೈನ್ಸ್‌ಗೇ ಮೀಸಲಾದ ಪೇಪರ್‌ಗಳ ಆನ್‌ಲೈನ್ ಪಟ್ಟಿ ಅದು. ಒಂದೇ ಹೆಸರಿನವರನ್ನು ಅಲ್ಲಿ 0001, 0002 ಎಂದು ನಂಬರ್ ಹಾಕಿ ಬೇರ್ಪಡಿಸುತ್ತಾರೆ. ಸಣ್ಣ ಜರ್ನಲ್‌ಗಳೆಲ್ಲ ಅಲ್ಲಿ ಸಿಗುವುದಿಲ್ಲ. ಹಾಗಂತ ಸಿಗದ ಪೇಪರ್ ಸುಳ್ಳು ಎಂದುಕೊಳ್ಳಬೇಡಿ.

ಈಗ ಲೆಕ್ಕ. ಎಚ್-ಇಂಡೆಕ್ಸ್ ಸೂತ್ರ ಕೊಟ್ಟವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್ (Jorge Hirsch), 2005ರಲ್ಲಿ. ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಒಬ್ಬರ ಏಳು ಪೇಪರ್‌ಗಳಿಗೆ 42, 18, 11, 6, 5, 3, 1 ಸೈಟೇಷನ್ ಬಂದಿವೆ ಅನ್ನಿ. ದೊಡ್ಡದರಿಂದ ಇಳಿಸಿ ಬರೆದು, ಪಕ್ಕದಲ್ಲಿ 1, 2, 3 ಎಂದು ಕ್ರಮಸಂಖ್ಯೆ ಹಾಕಿ. ಐದನೆಯದಕ್ಕೆ 5 ಇದೆ, ಸರಿ. ಆರನೆಯದಕ್ಕೆ ಬರೀ 3. ಅಲ್ಲಿಗೆ ನಿಲ್ಲಿ, ಎಚ್-ಇಂಡೆಕ್ಸ್ 5. ಅಂದರೆ ಕನಿಷ್ಠ 5 ಸೈಟೇಷನ್ ಬಂದ ಪೇಪರ್ ಐದು ಇವೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಸೈಟೇಷನ್ ಇರುವ ಪೇಪರ್ ಮೂರು, ಹಾಗಾಗಿ ಐ10-ಇಂಡೆಕ್ಸ್ 3. ನಾಳೆ ಮೊದಲ ಪೇಪರ್‌ನ 42 ಹೋಗಿ 420 ಆದರೂ ಎಚ್-ಇಂಡೆಕ್ಸ್ 5ರಲ್ಲೇ ಇರುತ್ತದೆ! ಅದಕ್ಕೇ ನಂಬರ್ ಒಂದನ್ನೇ ನೋಡದೆ, ಜಾಸ್ತಿ ಸೈಟೇಷನ್ ಇರುವ ಎರಡು ಮೂರು ಪೇಪರ್ ತೆರೆದು ನೋಡಬೇಕು. ಅವು ಸರ್ವೆ ಪೇಪರ್‌ಗಳೇ? ಬೇರೆಯವರ ಕೆಲಸ ಒಟ್ಟುಗೂಡಿಸಿ ಬರೆಯುವ ಸರ್ವೆಗಳಿಗೆ ಸೈಟೇಷನ್ ಸಲೀಸಾಗಿ ಬೀಳುತ್ತದೆ.

ಮಷಿನ್ ಲರ್ನಿಂಗ್‌ನವರನ್ನೂ ಅಲ್ಗಾರಿದಮ್ ಥಿಯರಿಯವರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ, ಸೈಟೇಷನ್ ಬೀಳುವ ಪ್ರಮಾಣ ಎರಡರಲ್ಲೂ ಬೇರೆ ಬೇರೆ. ಅದು ಚನ್ನಗಿರಿ ಅಡಿಕೆ ರೇಟನ್ನು ದಾವಣಗೆರೆ ಮೆಕ್ಕೆಜೋಳದ ರೇಟಿಗೆ ಹೋಲಿಸಿದ ಹಾಗೆ. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ಸಾಮಾನ್ಯವಾಗಿ ಇಳಿಯುವುದಿಲ್ಲ, ಆದ್ದರಿಂದ ಸ್ಕಾಲರ್ ಪ್ರೊಫೈಲ್‌ನಲ್ಲಿ ಇತ್ತೀಚಿನ ವರ್ಷಗಳ ಕಾಲಂ ತಪ್ಪದೆ ನೋಡಿ. ಇನ್ನೊಂದು ಮಾತು: ನಮ್ಮ ವಿಷಯದಲ್ಲಿ ಒಳ್ಳೆಯ ಕಾನ್ಫರೆನ್ಸ್ ಪೇಪರ್‌ಗೆ ಜರ್ನಲ್‌ನಷ್ಟೇ ತೂಕ. ಸಿವಿಪಿಆರ್ (ಕಂಪ್ಯೂಟರ್ ವಿಷನ್), ಸಿಗ್ಮಾಡ್ (ಡೇಟಾಬೇಸ್) ಇಂಥ ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಬಂದ ಪೇಪರ್ ಅನ್ನು ‘ಸುಮ್ನೆ ಕಾನ್ಫರೆನ್ಸ್’ ಎಂದು ತಳ್ಳಿಹಾಕುವವರ ಮಾತು ಕೇಳಬೇಡಿ.

ತಮ್ಮ ಪೇಪರ್ ತಾವೇ ಸೈಟ್ ಮಾಡಿಕೊಂಡಿದ್ದಾರೋ ನೋಡಬೇಕಾ? ಸ್ಕಾಲರ್‌ನಲ್ಲಿ ಪೇಪರ್ ಕೆಳಗಿನ ಸೈಟೇಷನ್ ಲಿಂಕ್ ಒತ್ತಿ, ಆ ಪಟ್ಟಿಯೊಳಗೇ ಅವರ ಹೆಸರು ಹುಡುಕಿ. ಸ್ವಲ್ಪ ಇದ್ದರೆ ತಪ್ಪೇನಿಲ್ಲ, ಹಳೆಯ ಕೆಲಸ ಮುಂದುವರಿಸುವವರು ಅದನ್ನು ಹೇಳಲೇಬೇಕಲ್ವಾ? ಅರ್ಧಕ್ಕರ್ಧ ಅವರವೇ ಇದ್ದರೆ ಯೋಚಿಸಿ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ, ಅವರು ಯಾರ ಜತೆ ಬರೆಯುತ್ತಾರೆ ಎಂಬುದು. ಸ್ಕಾಲರ್‌ನ ಸಹಲೇಖಕರ ಪಟ್ಟಿ ಪೂರ್ತಿ ಇರುವುದಿಲ್ಲ, ಡಿಬಿಎಲ್‌ಪಿಯದ್ದು ನೋಡಿ. ಒಂದು ಹಾಳೆಯ ಮಧ್ಯೆ ಅವರ ಹೆಸರು ಬರೆದು, ಸುತ್ತ ಸಹಲೇಖಕರನ್ನು ಹಾಕಿ, ಒಂದೊಂದು ಪೇಪರ್‌ಗೆ ಒಂದೊಂದು ಗೆರೆ ಎಳೆಯಿರಿ. ಗೆರೆಗಳೆಲ್ಲ ಅದೇ ಇಬ್ಬರು ಮೂವರ ಕಡೆಗೇ ಹೋಗುತ್ತವೆಯೇ? ಬೇರೆ ಸಂಸ್ಥೆಯವರು ಇದ್ದಾರೆಯೇ? ವಿದ್ಯಾರ್ಥಿಗಳ ಹೆಸರು ಮೊದಲು ಬಂದಿದೆಯೇ? ಬಹುತೇಕ ವಿಭಾಗಗಳಲ್ಲಿ ಕೆಲಸ ಮಾಡಿದ ವಿದ್ಯಾರ್ಥಿ ಮೊದಲು, ಗೈಡ್ ಕೊನೆಗೆ. ಥಿಯರಿಯಲ್ಲಿ ಮಾತ್ರ ಹೆಚ್ಚಾಗಿ ಅಕಾರಾದಿ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಆಮೇಲೆ ಭಾರತದ ವಿಶ್ವವಿದ್ಯಾಲಯಗಳ ಥೀಸಿಸ್ ಸಿಗುವ ಶೋಧಗಂಗಾ ವೆಬ್‌ಸೈಟ್‌ಗೆ ಹೋಗಿ, ಅವರ ಕೈಕೆಳಗೆ ಪಿಎಚ್‌.ಡಿ. ಮುಗಿಸಿದವರ ಥೀಸಿಸ್ ಹುಡುಕಿ. ಅವರಲ್ಲಿ ಇಬ್ಬರಿಗೆ ಇಮೇಲ್ ಹಾಕಿ, ಡ್ರಾಫ್ಟ್ ಕೊಟ್ಟರೆ ಸರ್ ಅಥವಾ ಮೇಡಂ ಎಷ್ಟು ದಿನದಲ್ಲಿ ಓದಿಕೊಡುತ್ತಾರೆ ಎಂದು ಕೇಳಿ.